350ರ ಎಂಜಿನ್ನನ್ನು 383 ಮಾಡುವಾಗ: ಎಲ್ಲಿ ಖರ್ಚು, ಎಲ್ಲಿ ಕೈಬಿಗಿ

ಶೆವರ್ಲೆಯ 350 ಘನ ಇಂಚಿನ ವಿ-8 ಎಂಜಿನ್ 1967ರ ಕಮಾರೊ ಕಾರಿನೊಂದಿಗೆ ಬಂದದ್ದು. ಅದರ ಬೋರ್ (ಸಿಲಿಂಡರಿನ ಅಗಲ) 4 ಇಂಚು, ಸ್ಟ್ರೋಕ್ (ಪಿಸ್ಟನ್ ಮೇಲಿಂದ ಕೆಳಕ್ಕೆ ಚಲಿಸುವ ದೂರ) 3.48 ಇಂಚು. ಬೋರನ್ನು 30 ಥೌ (ಒಂದು ಥೌ ಎಂದರೆ ಇಂಚಿನ ಸಾವಿರದಲ್ಲೊಂದು ಪಾಲು) ಹಿಗ್ಗಿಸಿ, 1970ರಲ್ಲಿ ಬಂದ 400 ಎಂಜಿನ್ನಿನ 3.75 ಇಂಚಿನ ಸ್ಟ್ರೋಕ್ ಕೊಟ್ಟರೆ ಅದೇ ಬ್ಲಾಕ್ (ಎಂಜಿನ್ನಿನ ಮುಖ್ಯ ಒಡಲು) 383 ಘನ ಇಂಚಿನದಾಗುತ್ತದೆ, ಅಂದರೆ ಸುಮಾರು 6.27 ಲೀಟರ್. ಮೊದಲೆಲ್ಲ 400ರ ಕ್ರ್ಯಾಂಕನ್ನು (ಪಿಸ್ಟನ್ನುಗಳ ಚಲನೆಯನ್ನು ತಿರುಗುವಿಕೆಯಾಗಿಸುವ ದಂಡ) ತಂದು ಅದರ 2.65 ಇಂಚಿನ, ಬ್ಲಾಕಿನ ಬೇರಿಂಗುಗಳಲ್ಲಿ ಕೂರುವ ಮೇನ್ ಜರ್ನಲ್‌ಗಳನ್ನು 350ರ ಅಳತೆಯಾದ 2.45 ಇಂಚಿಗೆ ಉಜ್ಜಿಸಿ ಕೂರಿಸುತ್ತಿದ್ದರು. ಈಗ ಕ್ರ್ಯಾಂಕ್, ಅದನ್ನು ಪಿಸ್ಟನ್ನಿಗೆ ಜೋಡಿಸುವ ರಾಡ್, ಪಿಸ್ಟನ್, ರಿಂಗ್, ಬೇರಿಂಗ್ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ ಕಿಟ್ ಆಗಿ ಸಿಗುತ್ತವೆ. ಕಿಟ್‌ಗಳ ಬೆಲೆಯಲ್ಲಿ ಹಲವು ಪಟ್ಟು ಅಂತರವಿರುವುದರಿಂದ ಯಾವುದನ್ನು ಕೊಳ್ಳಬೇಕೆಂಬ ಗೊಂದಲ ಸಹಜ.

ಬೆಲೆಪಟ್ಟಿ ತೆರೆಯುವ ಮೊದಲು, ಈ ಎಂಜಿನ್ ಎಷ್ಟು ಆರ್‌ಪಿಎಂವರೆಗೆ ತಿರುಗಬೇಕೆಂಬುದನ್ನು ಒಂದು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಸ್ಟ್ರೋಕ್ 3.48ರಿಂದ 3.75ಕ್ಕೆ ಏರಿದಾಗ ಅದೇ ವೇಗದಲ್ಲಿ ಪಿಸ್ಟನ್ ರಾಡನ್ನು ಜಗ್ಗುವ ಬಲ ಶೇಕಡಾ 8ರಷ್ಟು ಮಾತ್ರ ಹೆಚ್ಚುತ್ತದೆ. ಆದರೆ ಈ ಬಲ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುವುದರಿಂದ 5,500 ಆರ್‌ಪಿಎಂನಿಂದ 6,500ಕ್ಕೆ ಹೋದರೆ ಶೇಕಡಾ 40ರಷ್ಟು ಏರುತ್ತದೆ. ಬಿಡಿಭಾಗಗಳ ಗುಣಮಟ್ಟವನ್ನು ನಿರ್ಧರಿಸಬೇಕಾದದ್ದು ಮುಖ್ಯವಾಗಿ ಈ ಎರಡನೆಯ ಅಂಕಿ. ಪಿಕಪ್‌ನಲ್ಲೋ ವಾರಾಂತ್ಯದ ಕಾರಿನಲ್ಲೋ ಕೂತು 5,500 ದಾಟದ, 400 ಕುದುರೆಶಕ್ತಿಯ ಆಸುಪಾಸಿನ ಎಂಜಿನ್ನಿಗೆ ಒಳ್ಳೆಯ ತಯಾರಕರ ಎರಕದ ಉಕ್ಕಿನ ಕ್ರ್ಯಾಂಕ್ ಸಾಕು. ಅದಕ್ಕಿಂತ ಹೆಚ್ಚು ತಿರುಗಿಸುವ, ಇಲ್ಲವೇ ಶಕ್ತಿ ಹೆಚ್ಚಿಸಲು ನೈಟ್ರಸ್ ಅನಿಲ ಅಥವಾ ಗಾಳಿ ತುರುಕುವ ಸೂಪರ್‌ಚಾರ್ಜರ್ ಹಾಕುವ ಯೋಚನೆಯಿದ್ದರೆ ಮಾತ್ರ ಫೋರ್ಜ್ ಮಾಡಿದ (ಬಡಿದು ರೂಪಿಸಿದ) 4340 ಮಿಶ್ರ ಉಕ್ಕಿನ ಕ್ರ್ಯಾಂಕಿಗೆ ಹಣ ಹಾಕುವುದರಲ್ಲಿ ಅರ್ಥವಿದೆ. "ಮುಂದೆ ಯಾವತ್ತಾದರೂ ಬೇಕಾದೀತು" ಎಂದು ಕೊಂಡ ಗಟ್ಟಿ ಕ್ರ್ಯಾಂಕುಗಳು ಕೊನೆಯವರೆಗೂ ಪೇಟೆ ಸುತ್ತುವ ಕಾರುಗಳಲ್ಲೇ ಉಳಿದುದನ್ನು ನಾನು ಸಾಕಷ್ಟು ನೋಡಿದ್ದೇನೆ.

ರಾಡ್ ಮತ್ತು ರಾಡ್ ಬೋಲ್ಟುಗಳ ವಿಷಯದಲ್ಲಿ ಮಾತ್ರ ನಾನು ಚೌಕಾಸಿ ಮಾಡುವುದಿಲ್ಲ. ರಿಂಗ್ ಸವೆದರೆ ಎಂಜಿನ್ ಹೊಗೆಯುಗುಳುತ್ತದೆ, ಬೇರಿಂಗ್ ಸವೆದರೆ ಆಯಿಲ್ ಪ್ರೆಷರ್ ಇಳಿಯುತ್ತದೆ. ಎರಡರಲ್ಲೂ ಎಚ್ಚೆತ್ತುಕೊಳ್ಳಲು ಸಮಯವಿರುತ್ತದೆ. ರಾಡ್ ಬೋಲ್ಟ್ ತುಂಡಾದರೆ ಅಂಥ ಮುನ್ಸೂಚನೆ ಸಿಗುವುದು ಕಡಿಮೆ, ರಾಡ್ ಬ್ಲಾಕಿನ ಪಕ್ಕವನ್ನೇ ಒಡೆದುಕೊಂಡು ಹೊರಬರುತ್ತದೆ. ಇಲ್ಲಿ ಲೆಕ್ಕಾಚಾರದ ಇನ್ನೊಂದು ಎಳೆಯೂ ಇದೆ. 350ರ ಹಳೆಯ ರಾಡುಗಳ ಬೋಲ್ಟ್ ತಲೆಗಳು ಉದ್ದ ಸ್ಟ್ರೋಕಿನಲ್ಲಿ, ವಾಲ್ವ್ ತೆರೆಯುವ ದಂಡವಾದ ಕ್ಯಾಮ್‌ಶಾಫ್ಟಿನ ಲೋಬ್‌ಗಳಿಗೆ (ಉಬ್ಬುಗಳಿಗೆ) ತಾಗುವಷ್ಟು ಹತ್ತಿರ ಬರುತ್ತವೆ. ಅವುಗಳನ್ನೇ ಉಳಿಸಿಕೊಂಡರೆ ಹೊಸ ಬೋಲ್ಟ್ ಹಾಕಿಸಬೇಕು, ರಾಡಿನ ಭುಜ ಉಜ್ಜಿಸಬೇಕು, ಹಲವು ಸಲ ಬೇಸ್ ಸರ್ಕಲ್ (ಲೋಬಿನ ಉಬ್ಬಿಲ್ಲದ ದುಂಡು ಭಾಗ) ಕಿರಿದಾದ ವಿಶೇಷ ಕ್ಯಾಮ್ ಕೊಳ್ಳಬೇಕು. ಸ್ಟ್ರೋಕರ್‌ಗೆಂದೇ (ಹೀಗೆ ಸ್ಟ್ರೋಕ್ ಹೆಚ್ಚಿಸಿದ ಎಂಜಿನ್ನಿಗೆಂದೇ) ಮಾಡಿದ, ಕ್ಯಾಪ್ ಸ್ಕ್ರೂ ಇರುವ ಹೊಸ ರಾಡುಗಳ ಬೆಲೆಯನ್ನು ಈ ಮೂರರ ಮೊತ್ತದ ಪಕ್ಕದಲ್ಲಿಟ್ಟು ನೋಡಿದರೆ ಹಳೆಯದನ್ನು ಉಳಿಸಿದ ಲಾಭ ಬಹುಮಟ್ಟಿಗೆ ಕರಗಿಹೋಗುತ್ತದೆ.

ಅಗ್ಗದ ಕಿಟ್ ಎಂದರೆ ಕೆಟ್ಟದ್ದು ಎಂದಲ್ಲ. ಅಳತೆ ನೋಡುವ ಕೆಲಸವನ್ನು ತಯಾರಕರು ನಮ್ಮ ತಲೆಗೆ ಕಟ್ಟಿರುತ್ತಾರೆ, ಅಷ್ಟೆ. ನಾನು ಒಮ್ಮೆ ಕಡಿಮೆ ಬೆಲೆಗೆ ತರಿಸಿದ ಕ್ರ್ಯಾಂಕ್ ನೋಡಲು ಕನ್ನಡಿಯಂತಿತ್ತು. ಮೈಕ್ರೋಮೀಟರನ್ನು ಪ್ರತಿ ಜರ್ನಲ್ಲಿನ ಎರಡು ತುದಿ ಹಾಗೂ ನಡುವಿಗೆ ಹಿಡಿದು ನೋಡಿದಾಗ ಮೂರನೆಯ ರಾಡ್ ಜರ್ನಲ್ ಒಂದು ತುದಿಯಲ್ಲಿ ಒಂದು ಥೌ ಸಣ್ಣದಿತ್ತು. ಆಯಿಲ್ ತೂತಿನ ಅಂಚಿನ ಮೇಲೆ ಉಗುರು ಎಳೆದರೆ ಸಿಕ್ಕಿಕೊಳ್ಳುತ್ತಿತ್ತು. ಆ ಅಂಚು ಬೇರಿಂಗನ್ನು ಹೆರೆಯದೆ ಬಿಡುತ್ತಿರಲಿಲ್ಲ. ತೂತಿನೊಳಗೆ ಬ್ರಷ್ ತೂರಿಸಿದರೆ ಕಬ್ಬಿಣದ ಪುಡಿ ಬಂದಿತು. ಮಷೀನ್ ಶಾಪಿನಲ್ಲಿ ಉಜ್ಜಿಸಿ, ಜರ್ನಲ್‌ಗಳನ್ನು 10 ಥೌ ಇಳಿಸಿ, ಅದಕ್ಕೆ ತಕ್ಕ ಬೇರಿಂಗ್ ಕೊಳ್ಳುವಷ್ಟರಲ್ಲಿ ಉಳಿಸಿದ್ದ ಹಣವೆಲ್ಲ ಹೋಗಿ, ಎರಡು ವಾರಗಳ ಕಾಯುವಿಕೆಯೂ ಸೇರಿಕೊಂಡಿತು. ಮೈಕ್ರೋಮೀಟರ್ ಹಿಡಿಯಲು ಬರುವವರು ಅಗ್ಗದ ಕಿಟ್ ಕೊಳ್ಳಬಹುದು. ಬಾರದವರು ಅಳತೆಗೆ ಕೊಡಬೇಕಾದ ಹಣವನ್ನೂ ಬೆಲೆಗೆ ಸೇರಿಸಿಕೊಂಡು ಹೋಲಿಸಬೇಕು.

ಪಿಸ್ಟನ್ ಆರಿಸುವಾಗ ಲೋಹಕ್ಕಿಂತ ಆಕಾರದ ಕಡೆ ಮೊದಲು ಗಮನವಿರಲಿ. 64 ಸಿಸಿ ಚೇಂಬರಿನ ಹೆಡ್ಡು (ಸಿಲಿಂಡರುಗಳ ಮೇಲೆ ಕೂರುವ, ವಾಲ್ವ್‌ಗಳಿರುವ ಭಾಗ), 41 ಥೌ ಗ್ಯಾಸ್ಕೆಟ್, ಡೆಕ್ಕಿಗಿಂತ (ಬ್ಲಾಕಿನ ಮೇಲ್ಮೈಗಿಂತ) 25 ಥೌ ಕೆಳಗೆ ನಿಲ್ಲುವ ಸಮತಟ್ಟು ಪಿಸ್ಟನ್ ಇವುಗಳನ್ನು 30 ಥೌ ಬೋರಿನ 350ರಲ್ಲಿ ಹಾಕಿದರೆ ಕಂಪ್ರೆಷನ್ ಅನುಪಾತ (ಗಾಳಿ ಎಷ್ಟು ಪಟ್ಟು ಒತ್ತಿಕೊಳ್ಳುತ್ತದೆಂಬ ಲೆಕ್ಕ) ಸುಮಾರು 9.7 ಬರುತ್ತದೆ. ಅದೇ ಅಳತೆಗಳನ್ನು 383ರಲ್ಲಿ ಇಟ್ಟರೆ 10.4 ದಾಟುತ್ತದೆ, ಏಕೆಂದರೆ ಅದೇ ಚೇಂಬರಿನೊಳಗೆ ಹೆಚ್ಚು ಗಾಳಿ ಒತ್ತಿಕೊಳ್ಳುತ್ತದೆ. ಎರಕದ ಕಬ್ಬಿಣದ ಹೆಡ್ಡಿನೊಂದಿಗೆ 10.4 ಎಂದರೆ ಪ್ರತಿ ಸಲವೂ ಪ್ರೀಮಿಯಂ ಪೆಟ್ರೋಲ್. ಸುಮಾರು 18 ಸಿಸಿ ಗುಳಿಯಿರುವ ಪಿಸ್ಟನ್ ಹಾಕಿದರೆ ಅನುಪಾತ 9.2ರ ಹತ್ತಿರ ನಿಂತು ಅಮೆರಿಕದ ಸಾಮಾನ್ಯ 87 ಆಕ್ಟೇನ್ ಪೆಟ್ರೋಲೇ ನಡೆಯುತ್ತದೆ. ಪಿಸ್ಟನ್‌ಗಳ ಬೆಲೆಯಲ್ಲಿ ದೊಡ್ಡ ಅಂತರವಿಲ್ಲದಿದ್ದರೂ ಬಂಕಿನ ಅಂತರ ವರ್ಷವರ್ಷ ಬೆಳೆಯುತ್ತದೆ.

ಇನ್ನು ಲೋಹ. ಸಿಲಿಕಾನ್ ಹೆಚ್ಚಿರುವ ಹೈಪರ್‌ಯುಟೆಕ್ಟಿಕ್ ಪಿಸ್ಟನ್ ಕಡಿಮೆ ಹಿಗ್ಗುವುದರಿಂದ ಬೋರಿಗೆ ಹತ್ತಿರವಾಗಿ ಕೂರುತ್ತದೆ, ಸದ್ದಿಲ್ಲದೆ ಓಡುತ್ತದೆ, ಅಗ್ಗವೂ ಹೌದು. ಆದರೆ ನಾಕಿಂಗ್ (ಪೆಟ್ರೋಲ್ ಅಕಾಲದಲ್ಲಿ ಸಿಡಿಯುವುದು) ಹೊಡೆತಕ್ಕೆ ಅದು ಗಾಜಿನಂತೆ ಬಿರಿಯುತ್ತದೆ. 2618 ಅಲ್ಯೂಮಿನಿಯಂ ಮಿಶ್ರಲೋಹದ ಫೋರ್ಜ್ಡ್ ಪಿಸ್ಟನ್ ಆ ಹೊಡೆತವನ್ನು ತಾಳಿಕೊಂಡರೂ ಹೆಚ್ಚು ತೆರಪು ಬೇಡುವುದರಿಂದ ಚಳಿಗಾಲದ ಬೆಳಗ್ಗೆ ಬಿಸಿಯೇರುವವರೆಗೆ ಟಕಟಕ ಎನ್ನುತ್ತಿರುತ್ತದೆ. ಕೆಲವು ಹೈಪರ್‌ಯುಟೆಕ್ಟಿಕ್ ಪಿಸ್ಟನ್‌ಗಳಲ್ಲಿ ಮೇಲಿನ ರಿಂಗ್ ತಲೆಗೆ ಹತ್ತಿರವಿದ್ದು ಹೆಚ್ಚು ಬಿಸಿಯಾಗುವುದರಿಂದ ರಿಂಗ್ ಗ್ಯಾಪ್ (ರಿಂಗಿನ ಎರಡು ತುದಿಗಳ ನಡುವಿನ ತೆರಪು) ಎಂದಿಗಿಂತ ಹೆಚ್ಚು ಬೇಕಾಗುತ್ತದೆ. ಪೆಟ್ಟಿಗೆಯೊಳಗಿನ ಹಾಳೆಯನ್ನು ಓದದೆ ಹಳೆಯ ರೂಢಿಯ ಗ್ಯಾಪ್ ಇಟ್ಟರೆ ರಿಂಗಿನ ತುದಿಗಳು ಒಂದಕ್ಕೊಂದು ಒತ್ತಿ ಪಿಸ್ಟನ್ನಿನ ತಲೆಯನ್ನೇ ಕಿತ್ತುಹಾಕುತ್ತವೆ. ಬೈಗುಳ ಮಾತ್ರ ಪಿಸ್ಟನ್ನಿಗೆ.

ಮಷೀನ್ ಶಾಪಿನ ಬಿಲ್ಲು ಕಿಟ್ಟಿನ ಬೆಲೆಯ ಹತ್ತಿರ ಬಂದರೆ ಗಾಬರಿಯಾಗಬೇಡಿ. ಹಣ ನಿಜವಾಗಿ ದುಡಿಯುವುದು ಅಲ್ಲೇ. ಬ್ಲಾಕಿನಲ್ಲಿ ಬಿರುಕಿದೆಯೇ ಎಂಬ ಪರೀಕ್ಷೆ ಬೋರಿಂಗಿಗೆ ಮುಂಚೆಯೇ ಆಗಬೇಕು. ಹೋನಿಂಗ್ (ಬೋರಿನ ಒಳಮೈಯನ್ನು ಕೊನೆಯ ಅಳತೆಗೆ ಉಜ್ಜುವುದು) ಮಾಡುವಾಗ ಹೆಡ್ಡಿನ ಜಾಗದಲ್ಲಿ ಟಾರ್ಕ್ ಪ್ಲೇಟ್ ಎಂಬ ದಪ್ಪ ಫಲಕ ಬಿಗಿಯುತ್ತಾರೆಯೇ ಎಂದು ಕೇಳಿ, ಏಕೆಂದರೆ ಹೆಡ್ ಬೋಲ್ಟ್ ಬಿಗಿದಾಗ ಬೋರಿನ ದುಂಡು ಸ್ವಲ್ಪ ಕೆಡುತ್ತದೆ. ಬ್ಯಾಲೆನ್ಸಿಂಗ್ ಕಡ್ಡಾಯ. ಕಿಟ್ ಸಮತೋಲನದ ಭಾರವೆಲ್ಲ ಕ್ರ್ಯಾಂಕಿನಲ್ಲೇ ಇರುವ ಒಳ ಬ್ಯಾಲೆನ್ಸಿನದೋ, 400ರಂತೆ ಕ್ರ್ಯಾಂಕಿನ ಮುಂದಿನ ಡ್ಯಾಂಪರ್ ಮತ್ತು ಹಿಂದಿನ ಫ್ಲೆಕ್ಸ್‌ಪ್ಲೇಟ್ ಎಂಬ ಚಕ್ರಗಳ ಮೇಲೆ ಭಾರ ಬೇಡುವ ಹೊರ ಬ್ಯಾಲೆನ್ಸಿನದೋ ಎಂಬುದನ್ನು ಕೊಳ್ಳುವಾಗಲೇ ಬರಹದಲ್ಲಿ ಪಡೆಯಬೇಕು. 1986ರಿಂದ ಈಚಿನ ಬ್ಲಾಕುಗಳಲ್ಲಿ ಕ್ರ್ಯಾಂಕಿನ ಹಿಂಬದಿಯ ಆಯಿಲ್ ಸೀಲು ಒಂದೇ ತುಂಡಿನದಾದ್ದರಿಂದ ಕ್ರ್ಯಾಂಕೂ ಅದಕ್ಕೆ ಹೊಂದುವಂಥದ್ದೇ ಇರಬೇಕು.

ಉಳಿದ ಹಣ ಹೆಡ್ಡಿಗೆ. 383 ಘನ ಇಂಚಿಗೆ ಉಸಿರಾಡಲು ಬಿಡದ ಹಳೆಯ ಹೆಡ್ಡಿನ ಕೆಳಗೆ ದುಬಾರಿ ಕ್ರ್ಯಾಂಕ್ ಇಟ್ಟರೂ ಶಕ್ತಿ ಹೆಚ್ಚುವುದಿಲ್ಲ. 1996ರ ಪಿಕಪ್‌ಗಳಿಂದ ಬಂದ ವೋರ್ಟೆಕ್ ಹೆಡ್ಡುಗಳು ಎರಕದ ಕಬ್ಬಿಣದವೇ ಆದರೂ ಕೊಟ್ಟ ಹಣಕ್ಕೆ ಬಹಳ ಚೆನ್ನಾಗಿ ಗಾಳಿ ಎಳೆಯುತ್ತವೆ. ಆದರೆ ಅವುಗಳಿಗೆ ಬೇರೆಯದೇ ಇನ್‌ಟೇಕ್ ಮ್ಯಾನಿಫೋಲ್ಡ್ ಬೇಕು, ವಾಲ್ವ್ ಲಿಫ್ಟಿಗೂ (ವಾಲ್ವ್ ಎಷ್ಟು ತೆರೆಯಬಹುದೆಂಬುದಕ್ಕೂ) ಮಿತಿಯಿದೆ. ಕ್ಯಾಮ್ ಆರಿಸುವ ಮುನ್ನ ಅದನ್ನು ನೋಡಿಕೊಳ್ಳಿ. ಬಣ್ಣದ ವಾಲ್ವ್ ಕವರ್, ಕ್ರೋಮ್ ಪುಲ್ಲಿಗಳನ್ನು ಪಟ್ಟಿಯ ಕೊನೆಗೆ ತಳ್ಳಿ.

ಎಲ್ಲವೂ ಕೈಗೆ ಬಂದ ಮೇಲೆ ಬ್ಲಾಕನ್ನು ಕೊನೆಯ ಸಲ ತೊಳೆಯುವುದಕ್ಕೆ ಮುಂಚೆ, ಬ್ಯಾಲೆನ್ಸಿಂಗಿಗೂ ಮುಂಚೆ, ರಿಂಗ್ ಇಲ್ಲದೆ ಒಮ್ಮೆ ಜೋಡಿಸಿ ಕ್ರ್ಯಾಂಕನ್ನು ಕೈಯಿಂದ ನಿಧಾನವಾಗಿ ಎರಡು ಸುತ್ತು ತಿರುಗಿಸಿ. ಎರಡು ಸುತ್ತು ಏಕೆಂದರೆ ಕ್ಯಾಮ್ ಒಂದು ಸುತ್ತು ಮುಗಿಸಲು ಅಷ್ಟು ಬೇಕು. ರಾಡ್ ಬೋಲ್ಟ್ ಆಯಿಲ್ ಪ್ಯಾನಿನ ಅಂಚಿನ ಹತ್ತಿರ, ಬೋರಿನ ಕೆಳತುದಿಯಲ್ಲಿ ಮತ್ತು ಕ್ಯಾಮ್ ಲೋಬಿನ ಬಳಿ ಹಾದುಹೋಗುವಾಗ 60 ಥೌ ದಪ್ಪದ ತಂತಿ ಅಡ್ಡಿಯಿಲ್ಲದೆ ತೂರಬೇಕು. ತೂರದ ಕಡೆ ಮಾರ್ಕರ್‌ನಿಂದ ಗುರುತು ಹಾಕಿ, ಬಿಚ್ಚಿ, ಬ್ಲಾಕನ್ನು ಸ್ವಲ್ಪ ಸ್ವಲ್ಪವೇ ಉಜ್ಜಿ ಮತ್ತೆ ಜೋಡಿಸಿ ನೋಡಿ. ಪ್ಯಾನಿನ ಅಂಚಿನ ಹಿಂದೆ ನೀರಿನ ಜಾಕೆಟ್ ಇರುವುದರಿಂದ ಒಂದೇ ಸಲಕ್ಕೆ ಗ್ರೈಂಡರ್ ಒತ್ತಬೇಡಿ.