ವಾರಗಳ ಪಟ್ಟಿ ಹಾಕಿ ಬಯೋಮೆಡಿಸಿನ್ ಮೇಜರ್ ಆರಿಸಿದ್ದು: ನನ್ನ ಅನುಭವ

ಮೆಲ್ಬರ್ನ್ ವಿಶ್ವವಿದ್ಯಾಲಯದ ಬ್ಯಾಚುಲರ್ ಆಫ್ ಬಯೋಮೆಡಿಸಿನ್‌ನಲ್ಲಿ ಮೂರನೇ ವರ್ಷಕ್ಕೆ ಪೆಥಾಲಜಿ (ರೋಗಶಾಸ್ತ್ರ) ಮೇಜರ್, ಅಂದರೆ ಮುಖ್ಯ ವಿಷಯ, ಅಂದಾಗ ಸೀನಿಯರ್‌ಗಳು ಒಪ್ಪಲಿಲ್ಲ. ಫಿಸಿಯಾಲಜಿ ತಗೊಂಡರೆ ಮೆಡಿಸಿನ್‌ಗೆ ಅನುಕೂಲ ಅನ್ನುವುದು ಅವರ ವಾದ. ಆದರೆ ಎಂಡಿ (ಅಲ್ಲಿ ಪದವಿ ಮುಗಿಸಿ ಸೇರುವ ವೈದ್ಯಕೀಯ ಕೋರ್ಸ್) ಅರ್ಜಿಯಲ್ಲಿ ತೂಕವಿರುವುದು ಜಿಪಿಎ, ಗ್ಯಾಮ್‌ಸ್ಯಾಟ್ ಅನ್ನುವ ಪ್ರವೇಶ ಪರೀಕ್ಷೆ ಮತ್ತು ಸಂದರ್ಶನಕ್ಕೆ, ಮೇಜರ್‌ನ ಹೆಸರಿಗಲ್ಲ. ಹಾಗಾಗಿ ಯಾವ ಮೇಜರ್‌ನಲ್ಲಿ 80 ದಾಟಿ ಎಚ್1, ಅಂದರೆ ಅತ್ಯುನ್ನತ ದರ್ಜೆ, ತೆಗೆಯಬಹುದು ಅನ್ನುವ ಒಂದೇ ಲೆಕ್ಕ ಹಾಕಿದೆ. ಮೇಜರ್‌ನ ನಾಲ್ಕೂ ವಿಷಯಗಳಲ್ಲಿ ಎಚ್1 ಬಂತು, ಕೊನೆಯ ವರ್ಷದ ವ್ಯಾಮ್ (ಪಾಯಿಂಟಿನ ತೂಕ ಸೇರಿಸಿದ ಸರಾಸರಿ ಅಂಕ) 84ರ ಆಸುಪಾಸು. ಬೇಡ ಅಂದವರಲ್ಲೇ ಇಬ್ಬರು ಆಮೇಲೆ ನಾನು ಲೆಕ್ಕ ಹಾಕಿದ ವಾರಗಳ ಶೀಟ್ ಕೇಳಿ ಪಡೆದರು.

ಶೀಟ್ ಸರಳ. ನೋಂದಣಿಗೆ ಮುಂಚೆಯೇ ಹ್ಯಾಂಡ್‌ಬುಕ್‌ನಲ್ಲಿ ಪ್ರತಿ ವಿಷಯದ ಮೌಲ್ಯಮಾಪನದ ಪುಟ ತೆರೆದು, ಯಾವ ವಾರಕ್ಕೆ ಶೇಕಡಾ ಎಷ್ಟು ಅನ್ನುವುದನ್ನು ಇಳಿಸಿಕೊಳ್ಳಬೇಕು. 12 ಪಾಠದ ವಾರಗಳಿಗೆ 12 ಕಾಲಂ, ಸ್ವಾಟ್‌ವ್ಯಾಕ್‌ಗೆ (ಪರೀಕ್ಷೆಗೆ ಮುಂಚಿನ ಓದಿನ ವಾರ) ಒಂದು, ಪರೀಕ್ಷೆಗೆ ಒಂದು. ಶೇ. 20ಕ್ಕಿಂತ ದೊಡ್ಡ ಮೌಲ್ಯಮಾಪನಗಳು ಮೂರು ವಿಷಯಗಳಿಂದ ಒಂದೇ ವಾರಕ್ಕೆ ಬಿದ್ದರೆ ಆ ಕಾಂಬಿನೇಷನ್ ಕೈಬಿಡುತ್ತಿದ್ದೆ, ವಿಷಯ ಎಷ್ಟೇ ಇಷ್ಟವಾದರೂ ಸರಿ. 6, 7ನೇ ವಾರ ಮತ್ತು 11, 12ನೇ ವಾರಗಳಲ್ಲೇ ಹೆಚ್ಚಿನವರು ಕುಸಿಯುತ್ತಾರೆ. ಸಾಲುಸಾಲಾಗಿ ಮಿಡ್‌ಸೆಮ್ ಟೆಸ್ಟ್, ಅದರ ಮಧ್ಯೆ ಲ್ಯಾಬ್ ವರದಿ.

ಎರಡನೇ ಲೆಕ್ಕ ಗಂಟೆಯದ್ದು. 12.5 ಪಾಯಿಂಟಿನ (ಕ್ರೆಡಿಟ್) ಒಂದು ವಿಷಯಕ್ಕೆ ವಿಶ್ವವಿದ್ಯಾಲಯ ಹೇಳುವುದು ಒಟ್ಟು 170 ಗಂಟೆ. ನಾಲ್ಕಕ್ಕೆ 680. ಅದನ್ನು 14 ವಾರಕ್ಕೆ ಹಂಚಿದರೆ ವಾರಕ್ಕೆ 48 ಗಂಟೆ ಮೇಲೆ. ಈ ಗಂಟೆ ಎಲ್ಲ ವಿಷಯಕ್ಕೂ ಒಂದೇ ಥರ ಕರಗುವುದಿಲ್ಲ. 1,500 ಪದದ ಲ್ಯಾಬ್ ವರದಿ ಶೇ. 10ಕ್ಕಿರಲಿ, 20ಕ್ಕಿರಲಿ, ಹೆಚ್ಚುಕಡಿಮೆ 15 ಗಂಟೆ ತಿನ್ನುತ್ತದೆ. ಒಂದು ಅಂಕಕ್ಕೆ ಎಷ್ಟು ಗಂಟೆ ಅಂತ ಭಾಗಿಸಿ ನೋಡಿದಾಗ ವರದಿ ಜಾಸ್ತಿಯಿರುವ ಮೇಜರ್ ನನಗೆ ದುಬಾರಿ ಅನ್ನಿಸಿತು. ಬರವಣಿಗೆ ಸಲೀಸಾಗಿರುವವರಿಗೆ ಇದೇ ಭಾಗಾಕಾರ ತಿರುವುಮುರುವಾಗಬಹುದು. ಅವರವರ ಗಂಟೆ ಹಾಕಿಯೇ ನೋಡಬೇಕು.

ಎರಡನೇ ವರ್ಷ ನಿಜವಾದ ಗಂಡಾಂತರ. ಮಾಲಿಕ್ಯುಲರ್ ಅಂಡ್ ಸೆಲ್ಯುಲರ್ ಬಯೋಮೆಡಿಸಿನ್, ಹ್ಯೂಮನ್ ಸ್ಟ್ರಕ್ಚರ್ ಅಂಡ್ ಫಂಕ್ಷನ್, ಎರಡೂ ತಲಾ 25 ಪಾಯಿಂಟ್. ಒಂದರಲ್ಲಿ ಜಾರಿದರೆ ವ್ಯಾಮ್‌ಗೆ ಡಬಲ್ ಪೆಟ್ಟು. ಜೊತೆಗೆ ಇನ್ನೊಂದು ಲ್ಯಾಬ್ ವಿಷಯ ಹಾಕಿಕೊಳ್ಳುವವರು, ಒಂದಕ್ಕೊಂದು ಸಂಬಂಧವಿದೆ, ಓದು ಉಳಿಯುತ್ತೆ ಅಂದುಕೊಳ್ಳುತ್ತಾರೆ. ಓದು ಸ್ವಲ್ಪ ಉಳಿಯುವುದು ನಿಜ, ಗಡುವುಗಳು ಮಾತ್ರ ಒಂದರ ಮೇಲೊಂದು ಬೀಳುತ್ತವೆ. ನಾನು ಆ ಜಾಗಕ್ಕೆ ಅಂತಿಮ ಪರೀಕ್ಷೆಯಿಲ್ಲದ, ಪ್ರಬಂಧದ ಬ್ರೆಡ್ತ್ ವಿಷಯ (ಕೋರ್ಸಿನ ಹೊರಗಿನ ಕ್ಷೇತ್ರದ್ದು) ಹಾಕಿದೆ. ಇನ್ನೊಂದು ಬ್ರೆಡ್ತ್ ಅನ್ನು ರಜೆಯ ಇಂಟೆನ್ಸಿವ್ ಆಗಿ ಮುಗಿಸಿದ್ದರಿಂದ ಮುಂದಿನ ಸೆಮಿಸ್ಟರ್ ಮೂರು ವಿಷಯಕ್ಕೆ, ಅಂದರೆ 37.5 ಪಾಯಿಂಟಿಗೆ ಇಳಿಯಿತು. ಶುಲ್ಕ ಉಳಿಯುವುದಿಲ್ಲ, ಸಮಯ ಉಳಿಯುತ್ತದೆ.

ಪೆಥಾಲಜಿ ಒಗ್ಗಿದ್ದು ಪ್ರಾಕ್ಟಿಕಲ್‌ನಿಂದ. ಹ್ಯಾರಿ ಬ್ರೂಕ್ಸ್ ಅಲೆನ್ ಮ್ಯೂಸಿಯಂನಲ್ಲಿ 12,000ಕ್ಕೂ ಹೆಚ್ಚು ಮಾದರಿಗಳಿವೆ. ಪಾಟ್ (ಮಾದರಿ ಇಟ್ಟ ಜಾಡಿ) ಮುಂದೆ ನಿಂತು ಮೊದಲು ಅಂಗ, ಆಮೇಲೆ ಕೊಯ್ದ ದಿಕ್ಕು, ಗಾಯದ ಅಳತೆ, ಅಂಚು ಚೊಕ್ಕವೋ ಹರಡಿದೆಯೋ, ಒಂದೋ ಹಲವೋ. ರೋಗದ ಹೆಸರು ಕಟ್ಟಕಡೆಗೆ. ಹೆಸರನ್ನು ಮೊದಲು ಬರೆದರೆ ಕಣ್ಣು ಅದಕ್ಕೆ ತಕ್ಕದ್ದನ್ನೇ ಹುಡುಕುತ್ತದೆ. ಬಣ್ಣ ನಂಬಬಾರದು. ಫಾರ್ಮಲಿನ್‌ನಲ್ಲಿ ರಕ್ತ ಕಂದುಗಪ್ಪಾಗುವುದರಿಂದ ಹೊಸ ರಕ್ತಸ್ರಾವವೂ ಹಳೆಯದರಂತೆ ಕಾಣುತ್ತದೆ. ಸ್ಲೈಡ್‌ನಲ್ಲೂ 4ಎಕ್ಸ್‌ನಲ್ಲಿ ಇಡೀ ರಚನೆ ನೋಡದೆ ನೇರ 40ಎಕ್ಸ್‌ಗೆ ಹೋದವರು ಗ್ರ್ಯಾನುಲೋಮದ (ಉರಿಯೂತದ ಕೋಶಗಳ ಗಂಟು) ನಡುವೆ ನಿಂತು ಬರೀ ಮ್ಯಾಕ್ರೋಫೇಜ್ ಕೋಶಗಳನ್ನು ಕಂಡು ಬರುತ್ತಾರೆ. ಒಂದು ಗಂಟೆಯಲ್ಲಿ ಯಾವ ಪಾಟ್‌ಗಳನ್ನು ಯಾವ ಜೋಡಿಯಲ್ಲಿ ನೋಡುತ್ತಿದ್ದೆ ಅನ್ನುವುದನ್ನು ಇಲ್ಲಿ ಬಿಟ್ಟುಕೊಡುವುದಿಲ್ಲ.

ಕೈಕೊಟ್ಟದ್ದೂ ಇವೆ. ಆ್ಯಂಕಿ ಅನ್ನುವ ಫ್ಲಾಶ್‌ಕಾರ್ಡ್ ಆ್ಯಪ್‌ನಲ್ಲಿ ದಿನಕ್ಕೆ 20 ಹೊಸ ಕಾರ್ಡ್ ಅಂದರೆ ಕೆಲವೇ ವಾರದಲ್ಲಿ ದಿನದ ರಿವ್ಯೂ 200ರ ಹತ್ತಿರ ಹೋಗುತ್ತದೆ. ನಾಲ್ಕು ವಿಷಯಕ್ಕೂ ಹಾಗೆ ಮಾಡಿದರೆ ಬೆಳಗಿನ ಎರಡು ಗಂಟೆ ಮಂಗಮಾಯ. ಆಮೇಲೆ ಔಷಧಗಳ ಹೆಸರು, ರಿಸೆಪ್ಟರ್, ಸೈಟೊಕೈನ್‌ಗಳಿಗಷ್ಟೇ ಕಾರ್ಡ್ ಉಳಿಸಿದೆ. ರೆಕಾರ್ಡ್ ಆದ ಲೆಕ್ಚರ್ ಎರಡು ಪಟ್ಟು ವೇಗದಲ್ಲಿ ಕೇಳುವುದೂ ಗಿಟ್ಟಲಿಲ್ಲ. ನಿಲ್ಲಿಸಿ ಹಿಂದೆ ಹೋಗುವುದರಲ್ಲೇ ಉಳಿಸಿದ ಸಮಯ ಹೋಯಿತು. ಒಂದು ಪ್ರಯೋಗ ಮಾತ್ರ ನಿರೀಕ್ಷೆ ಮೀರಿ ಫಲ ಕೊಟ್ಟಿತು. ರೋಗ ಹುಟ್ಟುವ ಕ್ರಮವನ್ನು ಕನ್ನಡದಲ್ಲಿ ಐದು ನಿಮಿಷ ಹೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿ ಟ್ರಾಮ್‌ನಲ್ಲಿ ಕೇಳುವುದು. ಇಂಗ್ಲಿಷ್‌ನಲ್ಲಿ ಉರು ಹೊಡೆದ ಸಾಲು ಕನ್ನಡಕ್ಕೆ ಬರದೆ ತಡವರಿಸಿದರೆ ಅಲ್ಲಿ ಅರ್ಥವಾಗಿಲ್ಲ ಅಂತಲೇ ಲೆಕ್ಕ.

ದುಡ್ಡಿನ ವಿಷಯ. ನಾನು ಓದುವಾಗ ಅಂತಾರಾಷ್ಟ್ರೀಯ ವಿದ್ಯಾರ್ಥಿಗೆ ಒಂದು ವಿಷಯ ಅಂದಾಜು ಆರೇಳು ಸಾವಿರ ಆಸ್ಟ್ರೇಲಿಯನ್ ಡಾಲರ್ ಇತ್ತು. ಫೇಲ್ ಆದರೆ ಅಷ್ಟೂ ಮತ್ತೆ ಕಟ್ಟಬೇಕು. 2023ರ ಜುಲೈನಿಂದ ಪಾಠ ನಡೆಯುವಾಗ ಕೆಲಸಕ್ಕೆ ವೀಸಾ ಮಿತಿ ಎರಡು ವಾರಕ್ಕೆ 48 ಗಂಟೆ. ಅಷ್ಟನ್ನೂ ದುಡಿದರೆ ಓದಿನ 48ಕ್ಕೆ ವಾರಕ್ಕೆ 24 ಸೇರಿ 72 ಗಂಟೆ, ಯಾರಿಗೂ ತಾಳುವುದಿಲ್ಲ. 2024–25ರಲ್ಲಿ ಅಂಗಡಿ ಕೆಲಸದಲ್ಲಿ ಕ್ಯಾಶುಯಲ್ ದರ ವಾರದ ದಿನ ಗಂಟೆಗೆ 32 ಡಾಲರ್ ಆಸುಪಾಸಿದ್ದರೆ ಭಾನುವಾರ 45ರ ಹತ್ತಿರವಿತ್ತು. ಭಾನುವಾರ ಎಂಟು ಗಂಟೆ, ಶನಿವಾರ ನಾಲ್ಕು, ಇಷ್ಟರಲ್ಲೇ ವಾರದ ಬಾಡಿಗೆ, ದಿನಸಿ ನಡೆಯಿತು. ಮಂಗಳವಾರದ ಸಂಜೆ ಶಿಫ್ಟ್ ಒಪ್ಪಿಕೊಂಡವರು ಬುಧವಾರದ ಲ್ಯಾಬ್‌ಗೆ ಪೂರ್ವಸಿದ್ಧತೆ ಇಲ್ಲದೆ ಬರುತ್ತಿದ್ದರು.

ಇಷ್ಟಾದರೂ ಹೊರೆ ಹೆಚ್ಚಾದರೆ ಸೆನ್ಸಸ್ ದಿನಾಂಕದ (ಶುಲ್ಕವಿಲ್ಲದೆ ವಿಷಯ ಬಿಡಲು ಕಡೆಯ ದಿನ) ಮೇಲೆ ಕಣ್ಣಿರಲಿ: ಮೊದಲ ಸೆಮಿಸ್ಟರ್‌ಗೆ ಸಾಮಾನ್ಯವಾಗಿ ಮಾರ್ಚ್ 31ರ ಆಸುಪಾಸು, ಎರಡನೆಯದಕ್ಕೆ ಆಗಸ್ಟ್ 31ರ ಆಸುಪಾಸು. ಅದರೊಳಗೆ ಬಿಟ್ಟರೆ ಆ ವಿಷಯದ ಶುಲ್ಕ ಮೈಮೇಲೆ ಬರುವುದಿಲ್ಲ. ನಾಲ್ಕನೇ ವಾರಕ್ಕೇ ಶೀಟ್ ತೆಗೆದು, ಅಲ್ಲಿಯವರೆಗೆ ಓದಿಗೆ ಹೋದ ಗಂಟೆ, 170ರಲ್ಲಿ ಆ ನಾಲ್ಕು ವಾರದ ಪಾಲಿಗಿಂತ ಮೂರನೇ ಒಂದು ಭಾಗ ಹೆಚ್ಚಾಗಿರುವ ವಿಷಯ ಇದೆಯೇ ನೋಡಿ. ವೀಸಾದಲ್ಲಿರುವವರು ಬಿಡುವ ಮೊದಲು ಸ್ಟಾಪ್ 1ರಲ್ಲಿ (ವಿಶ್ವವಿದ್ಯಾಲಯದ ವಿದ್ಯಾರ್ಥಿ ಸೇವಾ ಕೇಂದ್ರ) ವಿಚಾರಿಸಿ, ಕೋರ್ಸ್ ನಿಗದಿತ ಅವಧಿಯೊಳಗೆ ಮುಗಿಯುತ್ತದೆ ಅನ್ನುವುದನ್ನು ಖಚಿತ ಮಾಡಿಕೊಳ್ಳಬೇಕು.