ಎಸಿ ರಿಪೇರಿಗೆ ಕೇಳಿದ ರೊಕ್ಕ ಸರಿ ಇದೆಯಾ? ನಾನು ನೋಡುವ ಬಗೆ

ವಿಜಯಪುರದಲ್ಲಿ ಎಸಿ ಕೆಡುವುದು ಬಹುತೇಕ ಏಪ್ರಿಲ್, ಮೇ ತಿಂಗಳಲ್ಲೇ. ಬಿಸಿಲು 40 ಡಿಗ್ರಿ ದಾಟಿರುತ್ತದೆ, ಮೆಕ್ಯಾನಿಕ್‌ಗಳಿಗೆ ಊಟಕ್ಕೂ ಪುರುಸೊತ್ತಿರುವುದಿಲ್ಲ. ಮನೆಯಲ್ಲಿ ವಯಸ್ಸಾದವರೋ ಕೂಸೋ ಇದ್ದರಂತೂ ಎಷ್ಟು ಕೇಳಿದರೆ ಅಷ್ಟು ಕೊಟ್ಟು ಸುಮ್ಮನಾಗುತ್ತೇವೆ. ನಮ್ಮ ಮನೆ, ತಂಗಿ ಮನೆ, ಮಾವನವರ ಮನೆ, ಮೂರೂ ಕಡೆ ಎಸಿ ರಿಪೇರಿ ವ್ಯವಹಾರ ನನ್ನದೇ. ಹಾಗಾಗಿ ಕೇಳಿದ ರೊಕ್ಕಕ್ಕೆ ತಕ್ಕ ಕೆಲಸ ಇದೆಯಾ ಅಂತ ನೋಡುವುದು ರೂಢಿಯಾಗಿದೆ.

ನಾನು ಮೊದಲು ಮೊತ್ತ ಕೇಳುವುದಿಲ್ಲ. "ಏನು ಕೆಟ್ಟಿದೆ, ಅದು ನಿಮಗೆ ಹೇಗೆ ಗೊತ್ತಾಯ್ತು?" ಅಂತ ಕೇಳುತ್ತೇನೆ. ಉತ್ತರದಲ್ಲಿ ಒಂದು ಅಳತೆ ಇರಬೇಕು. ಗೇಜ್‌ನಲ್ಲಿ ಪ್ರೆಶರ್ ಎಷ್ಟು ಬಂತು, ವೈರಿನ ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಹಾಕಿದಾಗ ಎಷ್ಟು ಆಂಪಿಯರ್ ತೋರಿಸಿತು, ಇಂಥದ್ದು. ಏನೂ ಅಳೆಯದೆ ಹೇಳಿದ ರೇಟು 500 ರೂಪಾಯಿ ಆದರೂ ನನಗೆ ಜಾಸ್ತಿಯೇ.

ಹೆಚ್ಚು ರೊಕ್ಕ ಹೋಗುವುದು ಗ್ಯಾಸಿನ ಹೆಸರಲ್ಲಿ. ಎಸಿಯ ಗ್ಯಾಸ್ ಖರ್ಚಾಗಿ ತೀರುವ ವಸ್ತು ಅಲ್ಲ. ಮುಚ್ಚಿದ ಪೈಪಿನೊಳಗೆ ಅದೇ ಗ್ಯಾಸ್ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರಿದೆ ಅಂತಲೇ ಅರ್ಥ. ಸೋರುವ ಜಾಗ ಹುಡುಕದೆ ಗ್ಯಾಸ್ ಹಾಕುವುದು ಪಂಕ್ಚರ್ ತೆಗೆಯದೆ ಟ್ಯೂಬಿಗೆ ಗಾಳಿ ಹೊಡೆದ ಹಾಗೆ. "ವರ್ಷಕ್ಕೊಮ್ಮೆ ಗ್ಯಾಸ್ ಹಾಕಿಸ್ಬೇಕ್ರೀ" ಅನ್ನುವವರನ್ನು ನಾನು ಕೆಲಸಕ್ಕೆ ಕರೆಯುವುದಿಲ್ಲ.

ಸೋಲಾಪುರ ರಸ್ತೆ ಕಡೆ ಇರುವ ತಂಗಿ ಮನೆಯದನ್ನೇ ಹೇಳುತ್ತೇನೆ. 1.5 ಟನ್‌ನ ಇನ್ವರ್ಟರ್ ಎಸಿ, ಅಂದರೆ ಗ್ಯಾಸ್ ಒತ್ತಿ ಸುತ್ತಿಸುವ ಕಂಪ್ರೆಸರಿನ ವೇಗವನ್ನು ಬೇಕಾದಂತೆ ಏರಿಳಿಸುವ ಮಾದರಿ. ತಂಪು ಕಮ್ಮಿಯಾಗಿತ್ತು, ಹೊರಗಿನ ಸಣ್ಣ ಪೈಪಿನ ಮೇಲೆ ಬರ್ಫು ಕಟ್ಟಿತ್ತು. ಮೊದಲು ಬಂದವನು ಅದನ್ನು ನೋಡಿದ್ದೇ "ಗ್ಯಾಸ್ ಕಮ್ಮಿ ಆಗೇತ್ರೀ ಅಕ್ಕಾರ, 1,800 ಕೊಡ್ರಿ, ಈಗ ಹಾಕಿ ಹೋಗ್ತೀನಿ" ಅಂದ. ಚೀಲದಿಂದ ಗೇಜ್ ಹೊರಗೇ ಬರಲಿಲ್ಲ. ಫಿಲ್ಟರಿನಲ್ಲಿ ಧೂಳು ತುಂಬಿ ಗಾಳಿ ಓಡಾಡದಿದ್ದರೂ ಬರ್ಫು ಕಟ್ಟುತ್ತದೆ. ನಾವು ಫಿಲ್ಟರ್ ತೊಳೆದು ಹಾಕಿದೆವು. ಆಮೇಲೂ ಕಟ್ಟಿದ್ದರಿಂದ ಇನ್ನೊಬ್ಬರನ್ನು ಕರೆಸಿದೆ.

ಅವರು ಗೇಜ್ ಹಚ್ಚಿ ಎಸಿ ಓಡಿಸಿದರು. ಆರ್-32 ಗ್ಯಾಸಿನ ಮಷೀನಿನಲ್ಲಿ ಆ ಬಿಸಿಲಿಗೆ 120 ಪಿಎಸ್‌ಐ ಮೇಲೆ ಇರಬೇಕಾದ ಪ್ರೆಶರ್ 80ರ ಹತ್ತಿರ ನಿಂತಿತ್ತು. ಹೊರಗಿನ ಯೂನಿಟ್‌ಗೆ ಪೈಪು ಸೇರುವ ನಟ್ಟಿನ ಸುತ್ತ ಎಣ್ಣೆ ಜಿಡ್ಡು ಕಂಡಿತು. ಸಾಬೂನಿನ ನೊರೆ ಹಚ್ಚಿದರು. ಸಣ್ಣ ಗುಳ್ಳೆ ಎದ್ದವು, ಒಡೆದವು, ಅಲ್ಲೇ ಮತ್ತೆ ಎದ್ದವು. "ನೋಡ್ರಿ, ಇಲ್ಲೇ ಐತಿ" ಅಂತ ತಂಗಿಯನ್ನೂ ಕರೆದು ತೋರಿಸಿದರು. 3,800 ರೂಪಾಯಿ ಹೇಳಿದರು.

"ಅಕ್ಕಾ, ಇವರು ಡಬಲ್ ಹೇಳ್ತಾರಲ್ಲ?" ಅಂದಳು ತಂಗಿ. ನಾನು ಇವರಿಗೇ ಕೆಲಸ ಕೊಡು ಅಂದೆ. ಉಳಿದ ಗ್ಯಾಸ್ ತೆಗೆದು, ಪೈಪಿನ ತುದಿ ಕತ್ತರಿಸಿ ಹೊಸದಾಗಿ ಫ್ಲೇರ್ ಮಾಡಿ (ನಟ್ಟಿಗೆ ಬಿಗಿಯಾಗಿ ಕೂರುವಂತೆ ತುದಿ ಅಗಲಿಸಿ), ನೈಟ್ರೋಜನ್ ತುಂಬಿ ಮತ್ತೆ ಸೋರುತ್ತದಾ ಅಂತ ನೋಡಿದರು. ಆಮೇಲೆ ಅರ್ಧ ತಾಸಿನ ಮೇಲೆ ವ್ಯಾಕ್ಯೂಮ್ ಪಂಪ್ ಓಡಿತು. ಪೈಪಿನೊಳಗಿನ ಗಾಳಿ, ತೇವ ಎಳೆದು ತೆಗೆಯುವ ಕೆಲಸ ಇದು. ರೇಟು ಕಮ್ಮಿ ಹೇಳುವವರು ಮೊದಲು ಬಿಡುವುದು ಇದನ್ನೇ. ಕೊನೆಗೆ ಸಿಲಿಂಡರನ್ನು ತೂಕದ ಯಂತ್ರದ ಮೇಲಿಟ್ಟು, ಯೂನಿಟ್‌ನ ಸ್ಟಿಕ್ಕರ್ ಮೇಲೆ ಎಷ್ಟು ಗ್ರಾಂ ಅಂತ ಇತ್ತೋ ಅಷ್ಟೇ ಹಾಕಿದರು. ಆ ಸ್ಟಿಕ್ಕರ್ ಎಲ್ಲ ಎಸಿಯಲ್ಲೂ ಇರುತ್ತದೆ. ಯಾವ ಗ್ಯಾಸ್, ಎಷ್ಟು ತೂಕ ಅಂತ ಅದರಲ್ಲೇ ಬರೆದಿರುತ್ತದೆ. ನಮ್ಮ ಮನೆಗಳಲ್ಲಿರುವ 1.5 ಟನ್ ಎಸಿಗಳಿಗೆಲ್ಲ ಒಂದು ಕಿಲೋಗಿಂತ ಕಮ್ಮಿಯೇ ಸಾಕು. "ಎರಡು ಕಿಲೋ ಹಿಡೀತು" ಅಂತ ಯಾರಾದರೂ ಅಂದರೆ ಸ್ಟಿಕ್ಕರ್ ತೋರಿಸಿ ಕೇಳಿ. ನನ್ನ ಲೆಕ್ಕದಲ್ಲಿ ಆ 3,800 ನ್ಯಾಯದ ರೇಟು. 1,800 ಕೊಟ್ಟಿದ್ದರೆ ಗ್ಯಾಸ್ ಅದೇ ನಟ್ಟಿನಿಂದ ಮತ್ತೆ ಹೋಗುತ್ತಿತ್ತು.

ಇನ್ನು ಕೆಪಾಸಿಟರ್, ಕಂಪ್ರೆಸರ್ ಮೋಟರ್ ಸ್ಟಾರ್ಟ್ ಆಗಿ ಓಡಲು ನೆರವಾಗುವ ಸಣ್ಣ ಡಬ್ಬಿ. ಹಳೆಯ ಮಾದರಿ ಎಸಿಯಲ್ಲಿ ಕಂಪ್ರೆಸರ್ ಗುಂಯ್ ಅಂದು ಸ್ಟಾರ್ಟ್ ಆಗದೆ ಟ್ರಿಪ್ ಆದರೆ ಎಷ್ಟೋ ಸಲ ಅದು ಕೆಪಾಸಿಟರ್ ತಂಟೆ. ಅದರ ಮೈಮೇಲೆ ಇಷ್ಟು ಮೈಕ್ರೋಫ್ಯಾರಡ್ ಅಂತ ಇರುತ್ತದೆ. ಮೀಟರ್ ಹಿಡಿದರೆ ಕೆಟ್ಟಿದೆಯೋ ಇಲ್ಲವೋ ತಕ್ಷಣ ತಿಳಿಯುತ್ತದೆ. ವಸ್ತು ಕೆಲವು ನೂರು ರೂಪಾಯಿಯದು, ಕೂಲಿ ಸೇರಿ ಸಾವಿರದೊಳಗೆ ಮುಗಿಯಬೇಕು. ಇನ್ವರ್ಟರ್ ಎಸಿಯಲ್ಲಿ ಹಾಗಲ್ಲ. ಅಲ್ಲಿ ಕಂಪ್ರೆಸರ್ ಓಡಿಸುವುದು ಪಿಸಿಬಿ, ಅಂದರೆ ಎಲೆಕ್ಟ್ರಾನಿಕ್ ಬೋರ್ಡ್. ಹಳೆಯ ಮಷೀನಿನಲ್ಲಿರುವಂಥ ರನ್ನಿಂಗ್ ಕೆಪಾಸಿಟರ್ ಕಂಪ್ರೆಸರಿಗೆ ಇರುವುದೇ ಇಲ್ಲ. ಇನ್ವರ್ಟರ್ ಮಷೀನ್ ಮುಂದೆ ನಿಂತು "ಕಂಪ್ರೆಸರ್ ಕೆಪಾಸಿಟರ್ ಹೋಗೇತಿ" ಅಂದರೆ ನಾನು ಚಹಾ ಕೊಟ್ಟು ಕಳಿಸುತ್ತೇನೆ.

ಪಿಸಿಬಿ ಹೋಗಿದೆ ಅಂದರೆ ಮಾತ್ರ ಬೆಚ್ಚಿ ಬೀಳುವಂಥ ರೇಟು ಬರುತ್ತದೆ. ವೋಲ್ಟೇಜ್ ಏರಿಳಿತಕ್ಕೂ ಹೋಗುತ್ತದೆ, ಹಲ್ಲಿ ಒಳಗೆ ಹೊಕ್ಕು ಶಾರ್ಟ್ ಆದರೂ ಹೋಗುತ್ತದೆ. ಮೊದಲು ವಾರಂಟಿ ಕಾರ್ಡ್ ತೆಗೆಯಿರಿ. ಕಂಪ್ರೆಸರಿಗೆ 10 ವರ್ಷ ಬರೆದಿದ್ದರೂ ಪಿಸಿಬಿಗೆ ಬೇರೆಯೇ ಅವಧಿ ಇರಬಹುದು. ಗ್ಯಾಸ್, ಕೂಲಿ ಸೇರಿದೆಯಾ ಅನ್ನುವುದನ್ನೂ ಓದಬೇಕು. ವಾರಂಟಿ ಮುಗಿದಿದ್ದರೆ ಬೋರ್ಡ್ ರಿಪೇರಿಗೆ ಎಷ್ಟು, ಹೊಸದಕ್ಕೆ ಎಷ್ಟು ಅಂತ ಎರಡೂ ರೇಟು ಕೇಳುತ್ತೇನೆ. ಬದಲಿಸಿದ ವಸ್ತು ಯಾವುದೇ ಇರಲಿ, ಹಳೆಯದನ್ನು ಕೈಯಲ್ಲಿ ಇಸ್ಕೊಳ್ಳುತ್ತೇನೆ.

ಮೆಕ್ಯಾನಿಕ್‌ನ ಕಡೆಯಿಂದಲೂ ನೋಡಬೇಕು, ಅಲ್ವಾ? ಮಾಳಿಗೆ ಮೇಲಿನ ಯೂನಿಟ್ ಮಟಮಟ ಮಧ್ಯಾಹ್ನ ಮುಟ್ಟಿದರೆ ಕೈ ಸುಡುತ್ತದೆ. ಮೂರನೇ ಮಹಡಿಯ ಹೊರಗೋಡೆಗೆ ಯೂನಿಟ್ ತೂಗುಹಾಕಿದ್ದರೆ ಹಗ್ಗ ಕಟ್ಟಿಕೊಂಡು, ಜೊತೆಗೊಬ್ಬರನ್ನು ಕರೆತಂದು ಮಾಡಬೇಕು. ಅದಕ್ಕೆ ಹೆಚ್ಚು ಕೇಳಿದರೆ ನಾನು ಚೌಕಾಸಿ ಮಾಡುವುದಿಲ್ಲ. ನೋಡಿ ಹೋಗುವುದಕ್ಕೆ ವಿಸಿಟಿಂಗ್ ಚಾರ್ಜ್ ಕೇಳುವುದೂ ತಪ್ಪಲ್ಲ. ಕೆಲಸ ಕೊಟ್ಟರೆ ಅದನ್ನು ಬಿಲ್ಲಿನಲ್ಲಿ ಕಳೆಯುತ್ತಾರಾ ಅಂತ ಫೋನಿನಲ್ಲೇ ಕೇಳಿಟ್ಟುಕೊಂಡರೆ ಸಾಕು.

ಬಿಲ್ಲಿನಲ್ಲಿ ವಸ್ತು, ಗ್ಯಾಸ್, ಕೂಲಿ ಬೇರೆ ಬೇರೆ ಬರೆಸುತ್ತೇನೆ. ಬಿಲ್ ಕೊಡದಿರುವುದನ್ನು 2019ರ ಗ್ರಾಹಕ ರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಅಂತಲೇ ಎಣಿಸುತ್ತದೆ. ಮಾತು ಕೆಟ್ಟರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಚೀಟಿ ಕೈಯಲ್ಲಿದ್ದರೆ ದೂರಿಗೆ ಬಲ ಬರುತ್ತದೆ.

ನಮ್ಮ ಕಡೆ ಧೂಳು ವಿಪರೀತ. ಹಿಂಗಾರಿ ಜೋಳದ ರಾಶಿ ಮುಗಿಯುವ ಹೊತ್ತಿಗೆ ಹೊರಗಿನ ಯೂನಿಟ್‌ನ ಕಾಯಿಲ್ (ಬಿಸಿ ಹೊರಹಾಕುವ ಪೈಪಿನ ಜಾಲ) ಮುಚ್ಚಿಕೊಂಡಿರುತ್ತದೆ. ಬಿಸಿಲು ಏರುವ ಮೊದಲೇ ನೀರು ಹೊಡೆಸಿ ಸರ್ವಿಸ್ ಮಾಡಿಸಿದರೆ ಮೆಕ್ಯಾನಿಕ್ ಸಾವಕಾಶ ಮಾಡುತ್ತಾರೆ, ರೇಟಿನ ಮಾತೂ ಸಮಾಧಾನದಿಂದ ಆಗುತ್ತದೆ. ಒಳಗಿನ ಯೂನಿಟ್‌ನಿಂದ ನೀರು ತೊಟ್ಟಿಕ್ಕುವುದೂ ಬಹಳ ಸಲ ಡ್ರೇನ್ ಪೈಪ್ ಕಟ್ಟಿದ್ದಕ್ಕೆ. ಅದಕ್ಕೆ ಗ್ಯಾಸ್ ಬಿಲ್ ಬೇಡ.

ಮಾವನವರ ಮನೆಯ ಹಳೆ ಎಸಿಯ ಕಂಪ್ರೆಸರೇ ಹೋದಾಗ ಲೆಕ್ಕ ಬೇರೆಯಾಯಿತು. ಅದು ಆರ್-22 ಗ್ಯಾಸಿನದು, ಓಝೋನ್ ಪದರಕ್ಕೆ ಹಾನಿ ಅಂತ ಬಳಕೆಯಿಂದ ತೆಗೆಯುತ್ತಾ ಬಂದಿರುವ ಗ್ಯಾಸ್. ವಾರಂಟಿಯೂ ಮುಗಿದಿತ್ತು. ಮೆಕ್ಯಾನಿಕ್ ಕೇಳಿದ ರೇಟು ನ್ಯಾಯವಾಗಿಯೇ ಇತ್ತು, ಆದರೆ ಅಷ್ಟು ಹಳೆ ಮಷೀನಿಗೆ ಹಾಕುವಂಥದ್ದಲ್ಲ. 2025ರ ಸೆಪ್ಟೆಂಬರ್ 22ರಿಂದ ಹೊಸ ಎಸಿಯ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. "ಹಂಗಾರ ಹೊಸಾದ ತಗೊಳ್ಳೋಣ ಬಿಡವ್ವಾ" ಅಂದರು ಮಾವ. ನೋಡಿ ಹೇಳಿದ ಮೆಕ್ಯಾನಿಕ್‌ಗೆ ವಿಸಿಟಿಂಗ್ ಚಾರ್ಜ್ ಕೊಟ್ಟು, ಹೊಸದನ್ನು ಕೂರಿಸುವ ಕೆಲಸವನ್ನೂ ಅವರಿಗೇ ವಹಿಸಿದೆವು.