ರೇನ್ ಜಾಕೆಟ್ ಮೇಲೆ ಲೋಗೋ ಹಾಕುವ ಮುಂಚೆ

ಮಳೆಗಾಲ ಬಂತು, ನೈಲಾನ್ ಜಾಕೆಟ್‌ಗೆ ಎಂಬ್ರಾಯ್ಡರಿ ಕೇಳುವವರು ಜಾಸ್ತಿ ಆಗ್ತಾರೆ ಅಲ್ವಾ? ಒಂದು ಮಾತು ನೆನಪಿರಲಿ. ನೈಲಾನ್‌ನಲ್ಲಿ ಸೂಜಿ ಚುಚ್ಚಿದ ತೂತು ಮತ್ತೆ ಮುಚ್ಚಿಕೊಳ್ಳುವುದಿಲ್ಲ. ಬಿಚ್ಚಿ ಮತ್ತೆ ಹಾಕೋಣ ಅನ್ನುವ ಆಟ ಇಲ್ಲಿ ನಡೆಯಲ್ಲ. ಮೊದಲು ಹಳೇ ಛತ್ರಿ ಬಟ್ಟೆ ಮೇಲೆ ಹಾಕಿ ನೋಡಿ.

ಸೂಜಿ ಹೊಸದಿರಲಿ, 75/11 ಸೈಜಿನ ಚೂಪು ತುದಿಯದು. ದಾರ ಪಾಲಿಯೆಸ್ಟರ್. ಒತ್ತೊತ್ತಾಗಿ ತುಂಬುವ ಡಿಸೈನ್ ಬೇಡವೇ ಬೇಡ. ತೂತುಗಳು ಸಾಲಾಗಿ ಬಿದ್ದು, ಬಟ್ಟೆ ಅಂಚೆಚೀಟಿ ಥರ ಹರಿದು ಬರುತ್ತದೆ. ತೆಳು ಅಕ್ಷರ, ಬರೀ ಗೆರೆಯ ಚಿತ್ರ ಚೆನ್ನಾಗಿ ಕೂರುತ್ತವೆ. ಮಷಿನ್ ಸ್ಪೀಡೂ ಕಡಿಮೆ ಇಡಿ.

ನಾನು ಮೊದಲ ಜಾಕೆಟ್ಟನ್ನು ಫ್ರೇಮಿಗೆ ಬಿಗಿಯಾಗಿ ಸಿಕ್ಕಿಸಿದ್ದೆ. ದುಂಡಗೆ ಗುರುತು ಬಿತ್ತು. ಹೋಗಲಿ ಅಂತ ಇಸ್ತ್ರಿ ಇಟ್ಟೆ, ಸುರುಟಿಕೊಂಡಿತು! ಈಗ ಫ್ರೇಮಿಗೆ ಕಟ್‌ಅವೇ ಬ್ಯಾಕಿಂಗ್ (ಬಟ್ಟೆಯ ಹಿಂದೆ ಆಧಾರಕ್ಕಿಟ್ಟು, ಹೊಲಿದ ಮೇಲೆ ಸುತ್ತ ಕತ್ತರಿಸುವ ಹಾಳೆ) ಮಾತ್ರ ಹಾಕಿ, ಅಂಟು ಸ್ಪ್ರೇ ಹೊಡೆದು, ಜಾಕೆಟ್ಟನ್ನು ಮೇಲೆ ಮೆತ್ತಗೆ ಒತ್ತುತ್ತೇನೆ.

ಲೈನಿಂಗ್ ಇದ್ದರೆ ಅಂಚಿನ ಹೊಲಿಗೆ ಸ್ವಲ್ಪ ಬಿಚ್ಚಿ, ಹೊರಪದರಕ್ಕಷ್ಟೇ ಹಾಕಿ. ಆಮೇಲೆ ಒಳಗಿನಿಂದ ಸೀಮ್ ಸೀಲರ್ (ಹೊಲಿಗೆಯ ತೂತು ಮುಚ್ಚುವ ಅಂಟು) ಸವರಿ ಒಂದು ರಾತ್ರಿ ಒಣಗಲು ಬಿಡಿ. ಇದನ್ನು ಬಿಟ್ಟರೆ ಲೋಗೋ ಇರುವ ಕಡೆಯೇ ನೀರು ಇಳಿಯುತ್ತದೆ. ಗಿರಾಕಿಗೆ ಕೊಡುವ ಮುಂಚೆ ಒಂದು ಚೊಂಬು ನೀರು ಸುರಿದು ನೋಡಿ.